ಹಿಂಬಾರದ ಲೆಕ್ಕ

ಪುಣೆಯ ಸ್ವಾರಗೇಟದ ಹೆಸರಿನಲ್ಲೇ ಒಬ್ಬ ಸವಾರ ಇದ್ದಾನೆ. ಮರಾಠಿಯಲ್ಲಿ ಸ್ವಾರ ಎಂದರೆ ಸವಾರ. ಕುದುರೆಗಳ ಕಾಲ ಮುಗಿದು ಬಹಳ ದಿನವಾಯಿತು. ಈಗ ಅಲ್ಲಿ ನೆಲದಡಿಯಲ್ಲಿ ಮೆಟ್ರೊ ನಿಲ್ದಾಣ, ನೆಲದ ಮೇಲೆ ಎಸ್.ಟಿ. ಬಸ್ ನಿಲ್ದಾಣ, ಸುತ್ತ ಹೊತ್ತು ಗೊತ್ತಿಲ್ಲದ ವಾಹನಗಳ ಗದ್ದಲ. ಇಲ್ಲಿಂದ ಒಂದು ದಾರಿ ಕಾತ್ರಜ, ಖಂಬಾಟಕಿ ಘಾಟು, ಸಾತಾರಾ, ಕೊಲ್ಹಾಪುರ ದಾಟಿ ನಿಪ್ಪಾಣಿ, ಬೆಳಗಾವಿಗೆ ಇಳಿಯುತ್ತದೆ. ಇನ್ನೊಂದು ಹಡಪಸರ, ಇಂದಾಪುರದ ಮೇಲೆ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ವಿಜಯಪುರಕ್ಕೂ ಕಲಬುರಗಿಗೂ ಕವಲೊಡೆಯುತ್ತದೆ. ಪುಣೆಯ ಕಾರ್ಖಾನೆ, ಕಟ್ಟಡ, ಹೋಟೆಲು, ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಜನರಿಗೆ ಇದು ಊರಿನ ಬಾಗಿಲು.

ದೀಪಾವಳಿಯ ಹಿಂದಿನ ದಿನ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಸಿಕ್ಕರೂ ಊರು ಮುಟ್ಟಿದ ಮೇಲೆ ತೋಟಕ್ಕೆ, ಬೀಗರ ಮನೆಗೆ ಓಡಾಡಲು ಗಾಡಿ ಬೇಕು. ಹಾಗಾಗಿ ನಸುಕಿನಲ್ಲೇ ಬೈಕುಗಳು ಹೊರಡುತ್ತವೆ. ಇಂಡಿ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬೈಕಿನ ಹಿಂಬದಿಯ ಕ್ಯಾರಿಯರಿನ ಮೇಲೆ ಒಂದು ಸೂಟ್‌ಕೇಸು, ಅದರ ಮೇಲೆ ತಂಗಿಯ ಮಕ್ಕಳಿಗೆ ಬಟ್ಟೆಯ ಚೀಲ, ಅದರ ಮೇಲೆ ಅವ್ವನಿಗೆ ಕೊಂಡ ಮಿಕ್ಸರಿನ ಡಬ್ಬಿ. ಎಲ್ಲದಕ್ಕೂ ಸೇರಿಸಿ ಕೊಕ್ಕೆಯ ರಬ್ಬರ್ ಹಗ್ಗ ಎರಡು. ಪಕ್ಕದಲ್ಲಿ ನಿಂತ ಹಿರಿಯರು ಯಾರಾದರೂ, “ಭಾಳ ಆತಲ್ಲೋ ತಮ್ಮಾ” ಎಂದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: “ಏನೂ ಆಗಂಗಿಲ್ಲ ಕಾಕಾ, ಕ್ಯಾರಿಯರ್ ಗಟ್ಟಿ ಐತಿ.”

ಕ್ಯಾರಿಯರ್ ಗಟ್ಟಿ ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿಬಿಟ್ಟಿರುವುದೇ ತೊಂದರೆ. ಕೊಳ್ಳುವವನು ಕೇಳುವುದು ಅದನ್ನೇ, ಮಾರುವವನು ಹೇಳುವುದೂ ಅದನ್ನೇ. ಎಷ್ಟು ಭಾರ ಎಂಬುದರಷ್ಟೇ, ಕೆಲವು ಸಲ ಅದಕ್ಕಿಂತಲೂ ಹೆಚ್ಚಾಗಿ, ಭಾರ ಎಲ್ಲಿ ಕೂತಿದೆ ಎಂಬುದು ಎರಡು ಚಕ್ರದ ಗಾಡಿಯ ಹಣೆಬರಹ ಬರೆಯುತ್ತದೆ.

ಇದು ಹೊಸ ವಿಷಯವೇನಲ್ಲ. ಎತ್ತಿನ ಗಾಡಿ ಹೂಡಿದವರ ಮಾತಿನಲ್ಲಿ ಇದಕ್ಕೆ ಹೆಸರೇ ಇದೆ: ಮುಂಬಾರ, ಹಿಂಬಾರ. ಮುಂದೆ ಹೆಚ್ಚು ಹೇರಿದರೆ ಎತ್ತಿನ ಹೆಗಲ ಮೇಲೆ ನೊಗ ಒತ್ತುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಕೊರಳಿನ ಕಣ್ಣಿ ಬಿಗಿಯುತ್ತದೆ. ಹಿಂಬಾರ ಆದರೆ ಗಾಡಿ ಹೊಡೆಯುವವನು ತಾನೇ ಮುಂದೆ ಸರಿದು ಕೂರುತ್ತಿದ್ದ, ಇಲ್ಲವೇ ಒಂದು ಚೀಲವನ್ನು ಮುಂದಕ್ಕೆ ಎಳೆಯುತ್ತಿದ್ದ. ಎತ್ತಿನ ಬೆನ್ನ ಮೇಲೆ ನೇರವಾಗಿ ಹೇರುವಾಗಲೂ ಅಷ್ಟೇ. ಕಂಟಲೆ ಎಂಬ ಜೋಡಿ ಚೀಲ ಬೆನ್ನಿನ ಎರಡೂ ಪಕ್ಕ ಇಳಿಬಿದ್ದಿರುತ್ತಿತ್ತು, ಎರಡರ ತೂಕವೂ ಸಮ. ದಂಡಿಗೆ ದವಸ ಸಾಗಿಸುತ್ತಿದ್ದ ಲಂಬಾಣಿಗರ ಹೇರೆತ್ತುಗಳು ಸಾವಿರಾರು ಹರದಾರಿ ನಡೆದದ್ದು ಈ ಜೋಡಿ ಚೀಲದ ಲೆಕ್ಕದ ಮೇಲೆ. ಎತ್ತಿನ ಬಾಲದ ಮೇಲೆ ಮೂಟೆ ಕಟ್ಟಿದವರು ಯಾರೂ ಇಲ್ಲ. ಬೈಕಿನ ಹಿಂಬದಿಯ ಕ್ಯಾರಿಯರ್ ಇರುವುದು ಬಾಲದ ಜಾಗದಲ್ಲೇ.

ಲೆಕ್ಕ ಕಷ್ಟದ್ದಲ್ಲ. ಒಂದು ಸಾಮಾನ್ಯ ಬೈಕಿನ ಎರಡು ಚಕ್ರಗಳ ನಡುಗಂಬಿಗಳ ನಡುವಿನ ದೂರ 140 ಸೆಂಟಿಮೀಟರ್ ಎಂದುಕೊಳ್ಳೋಣ. ಕ್ಯಾರಿಯರಿನ ಮೇಲಿನ ಸಾಮಾನಿನ ನಡುಭಾಗ ಹಿಂದಿನ ಚಕ್ರದ ಕಂಬಿಗಿಂತ 35 ಸೆಂಟಿಮೀಟರ್ ಹಿಂದೆ ಇದೆ. ಅಲ್ಲಿ 20 ಕೆಜಿ ಇಟ್ಟರೆ ಹಿಂದಿನ ಚಕ್ರಕ್ಕೆ ಬೀಳುವುದು 20 ಕೆಜಿ ಅಲ್ಲ, 25 ಕೆಜಿ. ಹೆಚ್ಚುವರಿ 5 ಕೆಜಿ ಮುಂದಿನ ಚಕ್ರದಿಂದ ಕಿತ್ತುಕೊಂಡದ್ದು. ತಕ್ಕಡಿಯಂತೆ, ಅಥವಾ ಪಾರ್ಕಿನ ಏರಿಳಿಯುವ ಹಲಗೆಯಂತೆ: ಹಿಂದಿನ ಕಂಬಿಯ ಆಚೆ ಒತ್ತಿದರೆ ಈಚೆಯದು ಏಳುತ್ತದೆ. ಅದೇ 20 ಕೆಜಿಯನ್ನು ಎರಡು ಪಕ್ಕದ ಚೀಲಗಳಲ್ಲಿ ಹಂಚಿ, ಕಂಬಿಗಿಂತ 20 ಸೆಂಟಿಮೀಟರ್ ಮುಂದೆ ಇಳಿಬಿಟ್ಟರೆ ಹಿಂದಿನ ಚಕ್ರಕ್ಕೆ ಸುಮಾರು 17 ಕೆಜಿ, ಮುಂದಿನದಕ್ಕೆ 3 ಕೆಜಿ ಸೇರುತ್ತದೆ. ಸಾಮಾನು ಅದೇ, ಗಾಡಿ ಅದೇ. ಮುಂದಿನ ಚಕ್ರ ಒಂದು ಕಡೆ ಹಗುರಾಯಿತು, ಇನ್ನೊಂದು ಕಡೆ ನೆಲಕ್ಕೆ ಇನ್ನಷ್ಟು ಒತ್ತಿಕೊಂಡಿತು.

ಐದು ಕೆಜಿ ದೊಡ್ಡದೇನು ಎನ್ನಿಸಬಹುದು. ಹಿಂದೆ ಒಬ್ಬರು ಕೂತಿದ್ದರೆ ಅವರ ಭಾರವೂ ಬಹುಪಾಲು ಹಿಂದಿನ ಚಕ್ರದ ಮೇಲೇ ಬಿದ್ದಿರುತ್ತದೆ. ಘಾಟು ಹತ್ತುವಾಗ ಇನ್ನೂ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಗಾಡಿಯ ದಿಕ್ಕು ತಿರುಗಿಸುವುದು ಮುಂದಿನ ಚಕ್ರ, ನಿಲ್ಲಿಸುವ ಕೆಲಸದಲ್ಲಿ ಹೆಚ್ಚು ಪಾಲೂ ಅದರದೇ. ಅದು ಹಗುರಾದಾಗ ಹ್ಯಾಂಡಲ್ ‘ತೇಲಿದಂತೆ’ ಆಗುತ್ತದೆ. ನಗರದೊಳಗೆ 30, 40ರ ವೇಗದಲ್ಲಿ ಇದು ತಿಳಿಯುವುದಿಲ್ಲ. ಹೆದ್ದಾರಿಯಲ್ಲಿ 80 ದಾಟಿ, ಪಕ್ಕದಲ್ಲಿ ಕಂಟೇನರ್ ಲಾರಿ ಗಾಳಿ ಬೀಸುತ್ತ ಹಾದಾಗ ಹಿಂಭಾಗ ಹಾವಿನಂತೆ ತುಯ್ಯತೊಡಗುತ್ತದೆ. ಎತ್ತರದ ಮೂಟೆ ಆ ಗಾಳಿಗೆ ಹಾಯಿಯಾಗುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಗಾದೆ ಅಲ್ಲಿ ಅಕ್ಷರಶಃ ನಿಜ. ಆಗ ಬೆದರಿ ಜೋರಾಗಿ ಬ್ರೇಕ್ ಒತ್ತುವುದು, ಹ್ಯಾಂಡಲಿನ ಜೊತೆ ಗುದ್ದಾಡುವುದು ಎರಡೂ ಕೆಡುಕು. ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ ವೇಗ ತಾನಾಗಿ ಇಳಿಯಲು ಬಿಡಬೇಕು. ಆಮೇಲೆ ಪಕ್ಕಕ್ಕೆ ನಿಂತು ಮೂಟೆ ಬಿಚ್ಚಿ ಮತ್ತೆ ಹೇರಬೇಕು.

ಎರಡನೆಯ ಮಾತು ಗಟ್ಟಿತನದ್ದೇ. ಅಂಗಡಿಯಲ್ಲಿ ನಿಂತ ಗಾಡಿಯ ಕ್ಯಾರಿಯರ್ ಮೇಲೆ ಒಬ್ಬ ದಪ್ಪ ಮನುಷ್ಯ ಕೂತು ತೋರಿಸಿದರೂ ಅದು ಪರೀಕ್ಷೆಯಲ್ಲ. ರಸ್ತೆಯ ಗುಂಡಿಗೆ ಚಕ್ರ ಬಿದ್ದು ಎದ್ದಾಗ ಸಾಮಾನು ಕ್ಷಣಕಾಲ ತನ್ನ ತೂಕದ ಎರಡು ಪಟ್ಟೋ ಮೂರು ಪಟ್ಟೋ ಒತ್ತುತ್ತದೆ. 15 ಕೆಜಿ 45 ಆಗುತ್ತದೆ. ಸೊಲ್ಲಾಪುರದ ಆಚೆಯ ದಾರಿಯಲ್ಲಿ ಇಂಥ ಏಟು ಒಂದೆರಡಲ್ಲ. ಕಬ್ಬಿಣದ ತಂತಿ ಒಮ್ಮೆ ಬಗ್ಗಿಸಿದರೆ ತುಂಡಾಗುವುದಿಲ್ಲ, ಹತ್ತಾರು ಸಲ ಅತ್ತಿತ್ತ ಮಾಡಿದರೆ ತುಂಡಾಗುತ್ತದೆ. ಕ್ಯಾರಿಯರಿನ ಬೆಸುಗೆ, ಅದನ್ನು ಹಿಡಿದ ಬೋಲ್ಟು, ಸೀಟಿನ ಕೆಳಗಿನ ಹಿಂಬದಿಯ ಚೌಕಟ್ಟು ಸೋಲುವುದು ಹೀಗೆಯೇ, ಹೇಳದೆ ಕೇಳದೆ. “ಹತ್ತು ವರ್ಷದಿಂದ ಕಟ್ಟಿಕೊಂಡು ಹೋಗುತ್ತಿದ್ದೇನೆ, ಏನೂ ಆಗಿಲ್ಲ” ಎಂಬುದು ಸುರಕ್ಷತೆಗೆ ಸಾಕ್ಷಿಯಾಗಲಾರದು. ಹತ್ತು ವರ್ಷ ಬಗ್ಗಿದ ತಂತಿ ಹೊಸ ತಂತಿಯಷ್ಟು ಗಟ್ಟಿ ಇರುವುದಿಲ್ಲ.

ದೊಡ್ಡ ಬೈಕಿಗೆ ಈ ಚಿಂತೆ ಇಲ್ಲ ಎಂಬ ನಂಬಿಕೆಯೂ ಇದೆ. ಹೋಂಡಾದ ಗೋಲ್ಡ್ ವಿಂಗ್ ದೂರ ಪ್ರಯಾಣಕ್ಕೆಂದೇ ಮಾಡಿದ, 1800 ಸಿಸಿಯ, 350 ಕೆಜಿಗೂ ಮೀರಿ ತೂಗುವ ಗಾಡಿ. ಅದರ ಹಿಂಬದಿಯ ದೊಡ್ಡ ಡಿಕ್ಕಿಯಲ್ಲಿ ಇಡಬಹುದೆಂದು ಕೈಪಿಡಿ ಹೇಳುವುದು ಸುಮಾರು 9 ಕೆಜಿ. ಆ ಆನೆಯಂಥ ಗಾಡಿಯ ಬಾಲಕ್ಕೆ 9 ಕೆಜಿ ಮಿತಿಯಾದರೆ, 125 ಸಿಸಿ ಬೈಕಿನ ಹಿಂದೆ ಸಂತೆಯಿಂದ ತಂದು ಜೋಡಿಸಿದ ಕ್ಯಾರಿಯರಿಗೆ ಎಷ್ಟಿರಬೇಕು? ಇಂಥ ಮಿತಿಗಳು ಕಂಪನಿಯವರು ಕೋರ್ಟಿನ ಭಯಕ್ಕೆ ಬರೆದವು, ಅರ್ಧಕ್ಕರ್ಧ ಉತ್ಪ್ರೇಕ್ಷೆ ಎಂದು ವಾದಿಸುವವರಿದ್ದಾರೆ. ಸ್ವಲ್ಪ ಎಚ್ಚರಿಕೆಯ ಅಂಚು ಅದರಲ್ಲಿ ಇದ್ದೇ ಇರುತ್ತದೆ. ಆದರೆ ಆ ಅಂಚು ಗುಂಡಿಗೆ, ಗಾಳಿಗೆ, ಹಳೆಯ ಬೆಸುಗೆಗೆ ಮೀಸಲು. ಅದನ್ನು ಸ್ವಾರಗೇಟದಲ್ಲೇ ಮಿಕ್ಸರಿನ ಡಬ್ಬಿಗೆ ಖರ್ಚು ಮಾಡಿಬಿಟ್ಟರೆ ಮುಂದಿನ 350 ಕಿಲೋಮೀಟರಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮೋಸ ಇನ್ನೊಂದು ಕಡೆಯೂ ಇದೆ. ಟಾಪ್ ಬಾಕ್ಸುಗಳನ್ನು ಮಾರುವುದು ಲೀಟರಿನಲ್ಲಿ. 45 ಲೀಟರ್, 50 ಲೀಟರ್ ಎಂದು ದೊಡ್ಡ ಅಕ್ಷರ. ಎಷ್ಟು ಕಿಲೋ ಎಂಬುದು ಮುಚ್ಚಳದ ಒಳಗೆ ಸಣ್ಣ ಚೀಟಿಯಲ್ಲಿ. ಖಾಲಿ ಡಬ್ಬಿಯೇ ನಾಲ್ಕೈದು ಕೆಜಿ ತೂಗುತ್ತದೆ, ಅದನ್ನು ಕೂರಿಸುವ ತಗಡು ಬೇರೆ. ಕ್ಯಾರಿಯರಿನ ಮಿತಿ 7 ಕೆಜಿ ಇದ್ದರೆ ಡಬ್ಬಿ ಹಾಕಿದ ಮೇಲೆ ಉಳಿಯುವುದು ಮಳೆ ಅಂಗಿ, ಒಂದು ಜೊತೆ ಬಟ್ಟೆ, ಬುತ್ತಿಯ ಗಂಟು. ಹಿಂದೆ ಕೂತವರು ಅದಕ್ಕೆ ಒರಗಿ ನಿದ್ದೆ ಮಾಡಿದರೆ ಅದೂ ಭಾರವೇ. ಕಾನೂನು ಕೂಡ ಜಾಗದ ಅಳತೆಯನ್ನು ಸ್ಪಷ್ಟವಾಗಿ ಹೇಳಿದೆ. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ ಬೈಕಿಗೆ ಕೂರಿಸುವ ಹಗುರ ಡಬ್ಬಿ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ, 500 ಮಿ.ಮೀ. ಎತ್ತರ ಮೀರಬಾರದು, ಅದು ಹಿಂದಿನ ಸೀಟಿನ ಜಾಗದಲ್ಲಿದ್ದರೆ ಸವಾರ ಒಬ್ಬನೇ ಹೋಗಬೇಕು. ಆ ಅಳತೆಯ ಡಬ್ಬಿಯೊಳಗೆ ಸುಮಾರು 140 ಲೀಟರ್ ಜಾಗವಿದೆ. ಜಾಗ ಇದೆಯೆಂದು ಬೇಳೆ ತುಂಬಿದರೆ ನೂರು ಕೆಜಿ ದಾಟುತ್ತದೆ.

ಒಟ್ಟು ಭಾರದ ಲೆಕ್ಕವನ್ನೂ ಯಾರೂ ಹೇಳಿಕೊಡುವುದಿಲ್ಲ. ದಿನಬಳಕೆಯ ಬೈಕುಗಳು ಹೊರಬಹುದಾದ ಭಾರ ಸಾಮಾನ್ಯವಾಗಿ 130 ಕೆಜಿಯ ಆಚೀಚೆ. ಅದರಲ್ಲಿ ಸವಾರನೂ ಸೇರಿದ್ದಾನೆ. 65 ಕೆಜಿಯ ಇಬ್ಬರು ಕೂತರೆ ಅಲ್ಲಿಗೆ ಮುಗಿಯಿತು. ಚೀಲ ಇನ್ನೂ ನೆಲದ ಮೇಲೇ ಇದೆ.

ಇಷ್ಟು ಹೇಳಿದ ಮೇಲೆ ಬರುವ ನ್ಯಾಯವಾದ ಆಕ್ಷೇಪ ಒಂದಿದೆ. ಕಾರು ಕೊಳ್ಳಲಾಗದವನು, ಬಸ್ಸಿನಲ್ಲಿ ಸೀಟು ಸಿಗದವನು ವರ್ಷಕ್ಕೆರಡು ಸಲ ಮನೆಗೆ ಬರಿಗೈಲಿ ಹೋಗಬೇಕೇ? ಚೀಲದಲ್ಲಿರುವುದು ಬರೀ ತೂಕವಲ್ಲ; ಆರು ತಿಂಗಳ ದುಡಿಮೆ, ಮನೆಯವರ ಮುಂದೆ ಬಿಚ್ಚಿ ತೋರಿಸುವ ಹಿಗ್ಗು. ಅದನ್ನು ಬಿಟ್ಟು ಬಾ ಎನ್ನಲು ಯಾರಿಗೂ ಬಾಯಿ ಬರಬಾರದು. ಆದರೆ ಹೇರುವ ಬಗೆ ಬದಲಿಸಲು ದುಡ್ಡು ಹೆಚ್ಚು ಬೇಕಿಲ್ಲ. ದಾರಿಯುದ್ದಕ್ಕೂ ಪಾಠ ಹೇಳುವವರು ಕಾಣುತ್ತಾರೆ: ಹಾಲಿನವರು. ಕೊಲ್ಹಾಪುರ, ಬೆಳಗಾವಿ ಸೀಮೆಯಲ್ಲಿ ಬೈಕಿನ ಎರಡೂ ಪಕ್ಕ ಕ್ಯಾನು ತೂಗಿಬಿಟ್ಟುಕೊಂಡು ದಿನವೂ ಓಡಾಡುವ ಅವರು ಹೊರುವ ಭಾರ ಮಿತಿಯೊಳಗೆ ಇರದಿರಬಹುದು, ಜಾಗ ಮಾತ್ರ ಸರಿ. ಕೆಳಗೆ, ಸಮವಾಗಿ, ಕಾಲಿನ ಹತ್ತಿರ. ಕಂಟಲೆಯ ಬುದ್ಧಿ ಅಲ್ಲಿ ಇನ್ನೂ ಉಳಿದಿದೆ. ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ತರುತ್ತಿದ್ದವರೂ ತಿಳಿದೋ ತಿಳಿಯದೆಯೋ ಭಾರವನ್ನು ಎರಡು ಚಕ್ರಗಳ ನಡುವೆ, ನೆಲಕ್ಕೆ ಹತ್ತಿರ ಇಡುತ್ತಿದ್ದರು.

ಇಂಡಿಯ ಹುಡುಗನೂ ಹಾಗೆ ಮಾಡಬಹುದು. ಮಿಕ್ಸರು, ಬೂಟು, ನೀರು, ಸ್ಪ್ಯಾನರುಗಳಂಥ ಭಾರದ ವಸ್ತು ಸೀಟಿನ ಎರಡೂ ಪಕ್ಕದ ಜೋಡಿ ಚೀಲಕ್ಕೆ, ಎಡಬಲ ಸಮ ಮಾಡಿ. ಒಬ್ಬನೇ ಹೊರಟಿದ್ದರೆ ಸೂಟ್‌ಕೇಸಿನ ಬದಲು ಮೆತ್ತನೆಯ ಚೀಲ, ಅದೂ ಹಿಂದಿನ ಸೀಟಿನ ಮೇಲೆ, ಬೆನ್ನಿಗೆ ತಾಗುವಂತೆ. ಕ್ಯಾರಿಯರಿನ ಮೇಲೆ ಬಟ್ಟೆ, ಹೊದಿಕೆಯಂಥ ಹಗುರ ಸಾಮಾನು ಮಾತ್ರ. ಎಳೆದರೆ ಹಿಗ್ಗುವ ರಬ್ಬರ್ ಹಗ್ಗಕ್ಕಿಂತ ಬಕಲ್ ಇರುವ ಪಟ್ಟಿ ಮೇಲು. ಅದರ ತುದಿ ಚೈನು, ಚಕ್ರ, ಸೈಲೆನ್ಸರಿನ ಹತ್ತಿರ ಜೋಲಬಾರದು. ಹಿಂದಿನ ಟೈರಿನ ಗಾಳಿ ಇಬ್ಬರಿಗೆ ಹೇಳಿದಷ್ಟು, ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಮೆಟ್ಟಿಲು ಬಿಗಿ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಆಕಾಶ ನೋಡುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ, ಅದನ್ನೂ ತಗ್ಗಿಸಿಕೊಳ್ಳಬೇಕು. ಹಡಪಸರ ದಾಟಿದ ಮೇಲೆ ಚಹಾಕ್ಕೆ ನಿಂತಾಗ ಎಲ್ಲ ಗಂಟನ್ನೂ ಒಮ್ಮೆ ಅಲ್ಲಾಡಿಸಿ ನೋಡಬೇಕು. ಇಷ್ಟಾದ ಮೇಲೂ ಉಳಿದದ್ದನ್ನು ಬಸ್ಸಿನ ಪಾರ್ಸೆಲ್ಲಿಗೆ ಹಾಕುವುದು ಅವಮಾನವೇನಲ್ಲ.

ಆದರೆ ಹೊಣೆಯನ್ನೆಲ್ಲ ಆ ಹುಡುಗನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅನ್ಯಾಯ. ಗಾಡಿಯ ಜೊತೆ ಬರುವ ಕೈಪಿಡಿ ಬಹುತೇಕ ಇಂಗ್ಲಿಷಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಸೀಟಿನ ಕೆಳಗೆ ನಿದ್ದೆ ಮಾಡುತ್ತಿರುತ್ತದೆ. ಶೋರೂಮಿನಲ್ಲಿ ಮೈಲೇಜ್ ಹೇಳುವವರು ಎಷ್ಟು ಭಾರ ಹೊರಬಹುದೆಂದು ಹೇಳುವುದಿಲ್ಲ. ಸ್ವಾರಗೇಟದಿಂದ ಕೂಗಳತೆಯ ನಾನಾ ಪೇಟೆಯಂಥ ಬಿಡಿಭಾಗಗಳ ಮಾರುಕಟ್ಟೆಯಾಗಲಿ, ಹುಬ್ಬಳ್ಳಿಯದಾಗಲಿ, ಕೈಗೆ ಸಿಗುವ ಕ್ಯಾರಿಯರಿನ ಮೇಲೆ ಒಂದು ಅಂಕಿ ಕೆತ್ತಿರುವುದು ಅಪರೂಪ. ಲಾರಿಯ ಪಕ್ಕದಲ್ಲಿ ಅದರ ತೂಕ ಬರೆದಿರುತ್ತದೆ. ಲಿಫ್ಟಿನೊಳಗೆ ಎಷ್ಟು ಜನ, ಎಷ್ಟು ಕೆಜಿ ಎಂದು ಬರೆದಿರುತ್ತದೆ. ದೇಶದಲ್ಲಿ ಅತಿ ಹೆಚ್ಚು ಜನ ಏರುವ ವಾಹನದ ಬಾಲದ ಮೇಲೆ ಮಾತ್ರ ಬರೆಯಲು ಜಾಗವಿಲ್ಲವೇ? ಗಾಡಿ ಮಾಡುವವರಾಗಲಿ ಬಿಡಿಭಾಗ ಮಾಡುವವರಾಗಲಿ, ಕ್ಯಾರಿಯರಿನ ಮೇಲೆ ಕಣ್ಣಿಗೆ ಬೀಳುವಂತೆ ಕಿಲೋ ಕೆತ್ತಲೇಬೇಕೆಂಬ ನಿಯಮ ಬರಬೇಕು. ಅಂಕಿಗೆ ಅನುವಾದ ಬೇಕಿಲ್ಲ, ಕೈಪಿಡಿಗೆ ಬೇಕು. ಕನ್ನಡ, ಮರಾಠಿ, ತೆಲುಗು, ಹಿಂದಿ ಬಲ್ಲವರ ಕೈಗೆ ಅವರವರ ಭಾಷೆಯ ಒಂದೇ ಒಂದು ಹಾಳೆ ಕೊಟ್ಟರೆ ಸಾಕು: ಒಟ್ಟು ಎಷ್ಟು, ಹಿಂದೆ ಎಷ್ಟು, ಟೈರಿಗೆ ಎಷ್ಟು ಗಾಳಿ.

ಆ ಹಾಳೆಯನ್ನು ಕನ್ನಡದಲ್ಲಿ ಬರೆಯುವವರು ಪದ ಹುಡುಕಿ ಬಳಲಬೇಕಾಗಿಲ್ಲ. ಹಿಂಬಾರ ಎಂದು ಬರೆದರೆ ಇಂಡಿಯಲ್ಲಿ ಅವನ ಅಜ್ಜನಿಗೂ ಅರ್ಥವಾಗುತ್ತದೆ. ಮೊಮ್ಮಗ ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅಜ್ಜ ಮೊದಲು ನೋಡುವುದು ಹೇರಿದ ಬಗೆಯನ್ನೇ.