ಹಿರೇಬೆಣಕಲ್: ಗುಡ್ಡಕ್ಕೆ ಬೇಕಿರೋದು ರಸ್ತೆಯಲ್ಲ, ಕಾಲುದಾರಿ

ಗಂಗಾವತಿ: ಅಂಜನಾದ್ರಿಗೆ ಬಂದ ಜನ 575 ಮೆಟ್ಟಿಲು ಹತ್ತಿ ಇಳಿದು ಸೀದಾ ಹಂಪಿ ಕಡೆ ಹೋಗ್ತಾರೆ. ಇದೇ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ, ಚಪ್ಪಡಿ ನಿಲ್ಲಿಸಿ ಕಟ್ಟಿದ ಸುಮಾರು 400 ಕಲ್ಲುಸಮಾಧಿಗಳಿವೆ. ಜನರ ಬಾಯಲ್ಲಿ ಅದು ಮೋರೇರ ಗುಡ್ಡ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ.

ಇಂಥ ಜಾಗಕ್ಕೆ ಮೊದಲು ಕೇಳೋದೇ ರಸ್ತೆ. ಆದರೆ ಕಾರು ಮೇಲೆ ಹತ್ತಿದರೆ ಊರಿನ ಚಹಾ ಅಂಗಡಿ ಮುಂದೆ ಯಾರು ನಿಲ್ತಾರೆ? ಗುರುತು ಹಾಕಿದ ಕಾಲುದಾರಿಯಾದರೆ ಗಾಡಿ ಊರಲ್ಲೇ ಬಿಡಬೇಕು, ನೀರಿನ ಬಾಟಲಿ, ಒಗ್ಗರಣಿ-ಮಿರ್ಚಿ ಇಲ್ಲೇ ಆಗಬೇಕು, ದಾರಿ ತೋರಿಸೋಕೆ ಊರ ಹುಡುಗರೇ ಬೇಕು.

ಕಾವಲಿನ ಲೆಕ್ಕವೂ ಅದೇ. ನಿಧಿ ಆಸೆಗೆ ಚಪ್ಪಡಿ ಕಿತ್ತವರು ಬಂದಿದ್ದು ಯಾರೂ ಇಲ್ಲದ ಹೊತ್ತಲ್ಲಿ. (ಸಮಾಧಿಯಲ್ಲಿ ಬಂಗಾರ ಎಲ್ಲಿಂದ ಬರಬೇಕು? ಸಿಕ್ಕರೆ ಮಡಕೆ ಚೂರು, ಮೂಳೆ.) ಅಷ್ಟಗಲ ಗುಡ್ಡವನ್ನು ಒಬ್ಬಿಬ್ಬರು ಕಾವಲುಗಾರರು ಕಾಯೋಕಾಗಲ್ಲ. ದಿನಾ ಓಡಾಡೋ ಕುರಿಗಾಹಿಗಳನ್ನು ಜತೆಗೆ ಸೇರಿಸಿಕೊಳ್ಳದೆ ಗತಿಯಿಲ್ಲ.

ದಾರಿ ತೋರಿಸ್ತೀವಿ ಅಂತ ಬಂಡೆಗೆ ಪೇಂಟ್ ಬಳಿಯೋದು ಮಾತ್ರ ಬೇಡ. ಅಲ್ಲಿನ ಕಲ್ಲಾಸರೆಗಳಲ್ಲಿ ಪ್ರಾಚೀನರ ಕೆಂಪು ಚಿತ್ರಗಳಿವೆ. ನೆಟ್ಟ ಫಲಕ ಸಾಕು. ಕರಡಿ, ಚಿರತೆ ಓಡಾಡೋ ಸೀಮೆ ಬೇರೆ. ಸಂಜೆ ಎಷ್ಟು ಗಂಟೆಗೆ ಎಲ್ಲರೂ ಇಳಿಯಬೇಕು ಅನ್ನೋದನ್ನ ಪಂಚಾಯ್ತಿ, ಇಲಾಖೆ, ಊರವರು ಕೂತು ಮೊದಲೇ ತೀರ್ಮಾನಿಸಲಿ.