ಬಿಲ್ಲನ್ನು ಶಪಿಸುವ ಮುನ್ನ ಮೀಟರನ್ನು ಓದೋಣ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಕಾವೇರಿ ಯಾರಿಗಾಗಿ ಧುಮುಕಬೇಕೆಂಬುದನ್ನು ಅಂದು ನಿರ್ಧರಿಸಿದ್ದು ಗಣಿಯ ಲಾಭವೇ. 2001ರಲ್ಲಿ ಗಣಿ ಮುಚ್ಚಿತು. ನದಿಯನ್ನು ಕೊಟ್ಟು ಬಿಲ್ಲನ್ನು ಪಡೆದ ಮಲೆನಾಡಿಗರಿಗೆ ಈ ಕಥೆ ಹೊಸದಲ್ಲ.

ಬಿಲ್ಲು ಹೆಚ್ಚಾಯಿತೆಂದರೆ ಸಿಗುವ ಉಪದೇಶ ಒಂದೇ: ಮಿತವಾಗಿ ಬಳಸಿ. ಯಾವುದನ್ನು, ಎಷ್ಟು ಎಂದು ಯಾರೂ ಹೇಳುವುದಿಲ್ಲ. ಲೆಕ್ಕವನ್ನು ಕಲಿಸದೆ ಮಿತವ್ಯಯವನ್ನು ಬೋಧಿಸುವುದು ಅನ್ಯಾಯ. ಲೆಕ್ಕವಾದರೋ ಸುಲಭ. ಉಪಕರಣದ ವ್ಯಾಟನ್ನು ಬಳಸಿದ ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ಟು ಸಿಗುತ್ತದೆ. 2000 ವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ಕಾದರೆ ತಿಂಗಳಿಗೆ 30 ಯೂನಿಟ್ಟು. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ಇಪ್ಪತ್ತೆರಡೂವರೆ. 9 ವ್ಯಾಟಿನ ಎಲ್‌ಇಡಿ ದೀಪ ದಿನಕ್ಕೆ 5 ಗಂಟೆ ಉರಿದರೂ ಒಂದೂವರೆ ಯೂನಿಟ್ಟು ಆಗದು. ಹೀಗಿರುವಾಗ ಮಕ್ಕಳ ಓದಿನ ದೀಪವನ್ನು ಆರಿಸಿ ಅದನ್ನೇ ಉಳಿತಾಯವೆನ್ನುವುದು ಆತ್ಮವಂಚನೆ.

ಬಿಲ್ಲಿನಲ್ಲಿ ರೂಪಾಯಿಗಿಂತ ಮೊದಲು ಯೂನಿಟ್ಟನ್ನೂ ಎರಡು ರೀಡಿಂಗುಗಳ ನಡುವಿನ ದಿನಗಳನ್ನೂ ನೋಡಬೇಕು. ಎಲ್ಲ ಸ್ವಿಚ್ಚುಗಳನ್ನು ಆರಿಸಿ ಪ್ಲಗ್ಗುಗಳನ್ನು ತೆಗೆದ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಲೇ ಇದ್ದರೆ ವೈರಿಂಗಿನಲ್ಲಿ ಸೋರಿಕೆಯಿರಬಹುದು, ಇಲ್ಲವೆ ಮೀಟರೇ ಕೆಟ್ಟಿರಬಹುದು. ಮೀಟರಿನ ಪರೀಕ್ಷೆಯನ್ನು ಕೇಳುವುದು ಬಳಕೆದಾರರ ಹಕ್ಕು. ದೂರಿಗೆ ಉತ್ತರ ಸಿಗದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಕುಂದುಕೊರತೆ ನಿವಾರಣಾ ವೇದಿಕೆಯಿದೆ.

ಶೂನ್ಯ ಬಿಲ್ಲಿನವರಿಗೆ ಈ ಲೆಕ್ಕವೇಕೆ ಎನ್ನಬಹುದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಬಡವರಿಗೆ ಆಸರೆಯೇ ಸರಿ. ಆದರೆ ತಿಂಗಳ ಬಳಕೆ 200 ಯೂನಿಟ್ಟು ದಾಟಿದರೆ ಇಡೀ ಬಿಲ್ಲನ್ನು ತೆರಬೇಕೆಂಬುದು ಅದರ ನಿಯಮ. ಅದಕ್ಕಿಂತ ಮುಖ್ಯವಾಗಿ, ಶೂನ್ಯವೆಂದು ಬರೆದ ಮಾತ್ರಕ್ಕೆ ವಿದ್ಯುತ್ತಿಗೆ ಬೆಲೆಯಿಲ್ಲವೆಂದಾಗದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ, ಗದ್ದೆ, ತೋಟ ಕಳೆದುಕೊಂಡವರನ್ನು ಕೇಳಿ. ಆ ಬೆಲೆಯನ್ನು ಅವರು ತೆತ್ತಿದ್ದಾರೆ.

ಆದ್ದರಿಂದ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಮೀಟರಿನ ಅಂಕಿಯನ್ನು ಏಳು ದಿನ ಒಂದೇ ಹೊತ್ತಿನಲ್ಲಿ ಬರೆದಿಡಿ, ನೆರೆಮನೆಯವರಿಗೂ ಕಲಿಸಿ. ಬರಿಯ ಗೊಣಗಾಟಕ್ಕಿಲ್ಲದ ತೂಕ ಆ ಚೀಟಿಗಿದೆ. ತಪ್ಪು ಬಿಲ್ಲನ್ನು ಪ್ರಶ್ನಿಸಲು ಅದು ಬೇಕು. ವಿದ್ಯುತ್ತು ಸಾಲದೆಂದು ಹೇಳಿ ಇನ್ನೊಂದು ಕಣಿವೆಯನ್ನು ಕೇಳಲು ಬರುವವರ ಮುಂದೆ ಹಿಡಿಯಲೂ ಅದೇ ಬೇಕು.