ಸೈಕಲ್ಲಿನ ಹಿಂದೆ ಕೆಂಪು ದೀಪ ಇರಲಿ, ಮುಂದಿನ ದೀಪ ನೆಲ ನೋಡಲಿ

ಹವಳಗಾ ಮತ್ತು ಸುತ್ತಲಿನ ಊರುಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಕಬ್ಬಿನ ಹಂಗಾಮು ಬಂತು. ನಮ್ಮೂರಿನ ರೇಣುಕಾ ಶುಗರ್ಸ್ ಕಾರ್ಖಾನೆ ಕಬ್ಬು ನುರಿಸಲು ಶುರುಮಾಡಿತೆಂದರೆ ಅಫಜಲಪುರ ತಾಲ್ಲೂಕಿನ ರಸ್ತೆಗಳಿಗೆ ಹಗಲು ರಾತ್ರಿ ಎನ್ನುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಲಾರಿ, ಎತ್ತಿನ ಬಂಡಿ ಎಲ್ಲವೂ ಒಂದೇ ದಾರಿಯಲ್ಲಿ. ಅದೇ ದಾರಿಯಲ್ಲೇ ಪಾಳಿ ಮುಗಿಸಿದ ಕಾರ್ಮಿಕ, ಹೊಲಕ್ಕೆ ನೀರು ಬಿಡಲು ಹೊರಟ ರೈತ, ಟ್ಯೂಷನ್ನಿನಿಂದ ಮನೆಗೆ ಬರುವ ಹುಡುಗಿ ಸೈಕಲ್ ತುಳಿಯುತ್ತಾರೆ. ನವೆಂಬರ್ ಕೊನೆಗೆ ಇಲ್ಲಿ ಆರು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ದತ್ತ ಜಯಂತಿಗೆ ಗಾಣಗಾಪುರಕ್ಕೆ ನಡೆದು ಹೋಗುವ ಭಕ್ತರು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಂಡು ಮನೆಗೆ ಮರಳುವ ಸಂಸಾರಗಳು, ಎಲ್ಲರೂ ಈ ಕತ್ತಲಲ್ಲೇ ರಸ್ತೆಯಲ್ಲಿರುತ್ತಾರೆ.

ನಾವು ಕೇಳಿಕೊಳ್ಳುವುದು ಎರಡೇ ಮಾತು. ಹಿಂದೆ ಕೆಂಪು ದೀಪವಿಲ್ಲದ ಸೈಕಲ್ ಕತ್ತಲಾದ ಮೇಲೆ ರಸ್ತೆಗೆ ಇಳಿಯಬಾರದು. ಮುಂದಿನ ದೀಪ ಎದುರಿಗೆ ಬರುವವರ ಕಣ್ಣಿಗೆ ಹೊಡೆಯಬಾರದು.

"ಹುಟ್ಟಿದಾಗಿನಿಂದ ತಿರುಗಾಡಿದ ದಾರಿ, ನನಗ್ಯಾಕೆ ದೀಪ?" ಎಂದು ಹಿರಿಯರು ಕೇಳುತ್ತಾರೆ. ಕಾಕಾ, ದಾರಿ ನಿಮಗೆ ಗೊತ್ತು, ಒಪ್ಪಿದೆವು. ಆದರೆ ಹಿಂದಿನಿಂದ ಬರುವವನಿಗೆ ನೀವು ದಾರಿಯಲ್ಲಿರುವುದು ಗೊತ್ತಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಮೋಟಾರ್‌ಸೈಕಲ್ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಓಡುತ್ತದೆ. ಸವಾರ ನಿಮ್ಮನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಒಣ ಡಾಂಬರಿನ ಮೇಲೂ ಗಾಡಿ ನಿಲ್ಲಲು ಇನ್ನೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಕಪ್ಪು ಕಂಬಳಿ ಹೊದ್ದು ಹೊರಟವರು ಡಿಪ್ಪರ್ ಬೆಳಕಿನಲ್ಲಿ 50 ಮೀಟರ್ ದೂರಕ್ಕೆ ಕಾಣುವುದಿಲ್ಲ. ಸಣ್ಣದೊಂದು ಕೆಂಪು ದೀಪ ಅದರ ಎಷ್ಟೋ ಪಟ್ಟು ದೂರದಿಂದ ಕಾಣುತ್ತದೆ. ನೂರು, ನೂರೈವತ್ತು ರೂಪಾಯಿಗೆ ಸಿಗುವ ವಸ್ತು ಅದು. ಮುಂದೆ ಹಿಂದೆ ಎರಡೂ ದೀಪಕ್ಕೆ ಈ ತಿಂಗಳು ದುಡ್ಡು ಸಾಲದಿದ್ದರೆ ಹಿಂದಿನದನ್ನೇ ಮೊದಲು ಕೊಳ್ಳಿರಿ. ಎದುರಿನ ಗಾಡಿಯನ್ನು ಕಂಡು ನೀವಾದರೂ ಪಕ್ಕಕ್ಕೆ ಸರಿಯಬಹುದು. ಬೆನ್ನಿಗೆ ಕಣ್ಣಿಲ್ಲ.

ಹಿಂದೆ ರಿಫ್ಲೆಕ್ಟರ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಇರಲೇಬೇಕು. ಸೈಕಲ್ಲಿನ ರಿಫ್ಲೆಕ್ಟರ್ ಇಂಥದೇ ಗುಣಮಟ್ಟದ್ದಿರಬೇಕೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶವನ್ನೇ ಹೊರಡಿಸಿದೆ. ಪೆಡಲಿನ ರಿಫ್ಲೆಕ್ಟರಂತೂ ಬಹಳ ಉಪಯೋಗದ್ದು. ಮೇಲೆ ಕೆಳಗೆ ಆಡುವ ಆ ಚುಕ್ಕೆ ಕಂಡ ಕೂಡಲೇ ಚಾಲಕನಿಗೆ ಮುಂದಿರುವುದು ಸೈಕಲ್ ಎಂದು ತಿಳಿಯುತ್ತದೆ. ಆದರೆ ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಹಿಂದಿನ ಗಾಡಿಯ ದೀಪ ಸರಿಯಾಗಿದ್ದು, ಅದು ನೇರ ಬಿದ್ದರೆ ಮಾತ್ರ ಹೊಳೆಯುತ್ತದೆ. ಒಂಟಿ ದೀಪದ ಟ್ರ್ಯಾಕ್ಟರ್, ದೀಪವೇ ಇಲ್ಲದ ಹಳೆ ಮೋಟಾರ್‌ಸೈಕಲ್ ನಮ್ಮ ಕಡೆ ಕಡಿಮೆಯೇ? ಮೇಲಾಗಿ ನಮ್ಮ ಎರೆಮಣ್ಣಿನ ಧೂಳು ಮೆತ್ತಿದ ರಿಫ್ಲೆಕ್ಟರ್ ಇದ್ದೂ ಇಲ್ಲದಂತೆ.

ಸಂಜೆ ಹೊಲದಿಂದ ಬರುವ ಸೈಕಲ್ಲನ್ನು ಹಿಂದಿನಿಂದ ಒಮ್ಮೆ ನೋಡಿರಿ. ಕ್ಯಾರಿಯರ್ ಮೇಲೆ ಮೇವಿನ ಹೊರೆ, ಎರಡೂ ಕಡೆ ಹಾಲಿನ ಕ್ಯಾನು, ಇಳಿಬಿದ್ದ ಚಾದರದ ಸೆರಗು. ಕ್ಯಾರಿಯರಿನ ಕೆಳಗೋ ಸೀಟಿನ ಹಿಂದೆಯೋ ಇರುವ ರಿಫ್ಲೆಕ್ಟರ್, ದೀಪ ಎಲ್ಲವೂ ಅದರಡಿ ಮುಚ್ಚಿಹೋಗಿರುತ್ತವೆ. ದೀಪವನ್ನು ಹಿಂದಿನ ಮಡ್‌ಗಾರ್ಡಿನ ಕೆಳತುದಿಗೆ ಕಟ್ಟಿರಿ. ಹಳೆ ಹೀರೋ, ಅಟ್ಲಾಸ್ ಸೈಕಲ್‌ಗಳಲ್ಲಿ ಬಿಳಿ ಬಣ್ಣ ಹಚ್ಚಿರುತ್ತಿದ್ದ ಜಾಗವದು. ಹೊರೆ ಅಲ್ಲಿಗೂ ಇಳಿಬೀಳುವಷ್ಟು ದೊಡ್ಡದಾದರೆ ದೀಪವನ್ನು ಹೊರೆಗೇ ಕಟ್ಟಿರಿ. ಸರ್ಕಾರದಿಂದ ಶಾಲೆಯ ಮಕ್ಕಳಿಗೆ ಸಿಕ್ಕ ಸೈಕಲ್‌ಗಳ ಮುಂದೆ ಬುಟ್ಟಿ ಇರುತ್ತದೆ. ಹ್ಯಾಂಡಲಿಗೆ ಕಟ್ಟಿದ ದೀಪದ ಬೆಳಕು ಆ ಬುಟ್ಟಿಯೊಳಗಿನ ಚೀಲಕ್ಕೇ ಬಡಿದು ನಿಲ್ಲುತ್ತದೆ. ಅದನ್ನು ಬುಟ್ಟಿಯ ಮುಂಭಾಗಕ್ಕೆ ಬಿಗಿಯಿರಿ.

ಇನ್ನು ಮುಂದಿನ ದೀಪ. ಮೊದಲಿನ ಡೈನಮೋ ದೀಪ ಮಂದವಾಗಿತ್ತು, ಸೈಕಲ್ ನಿಂತರೆ ಅದೂ ನಿಲ್ಲುತ್ತಿತ್ತು, ಆದರೆ ಯಾರ ಕಣ್ಣನ್ನೂ ಕುಕ್ಕುತ್ತಿರಲಿಲ್ಲ. ಈಗಿನ ಚಾರ್ಜಿಂಗ್ ಬ್ಯಾಟರಿಗಳು ಹಾಗಲ್ಲ. ಅಂಗೈಯಗಲದ ಎಲ್‌ಇಡಿ ಬ್ಯಾಟರಿ ಎದುರಿನವರ ಮುಖಕ್ಕೆ ಬಿದ್ದರೆ ಕೆಲವು ಸೆಕೆಂಡು ಅವರಿಗೆ ಏನೂ ಕಾಣುವುದಿಲ್ಲ, ವಯಸ್ಸಾದವರಿಗೆ ಇನ್ನೂ ಹೆಚ್ಚು ಹೊತ್ತು. ನಮ್ಮ ರಸ್ತೆಗಳಲ್ಲಿ ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಗೇಣುದ್ದ ತಗ್ಗಿರುವ ಕಡೆಗಳುಂಟು. ಕಣ್ಣು ಕತ್ತಲಾದ ಸವಾರ ಆ ಅಂಚಿನಿಂದ ಜಾರಿದರೆ ಬೀಳುವುದು ಕಪ್ಪು ಕೆಸರಿಗೋ, ಕಲ್ಲಿಗೋ, ಟ್ರೇಲರಿನ ಗಾಲಿಗೋ.

ದೀಪ ಸರಿಯಾಗಿ ಬಾಗಿದೆಯೇ ಎಂದು ಮನೆಯ ಗೋಡೆಯ ಮುಂದೆಯೇ ಪರೀಕ್ಷೆ ಮಾಡಬಹುದು. ಕತ್ತಲಲ್ಲಿ ಸೈಕಲ್ಲನ್ನು ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ ದೀಪ ಹಚ್ಚಿರಿ. ಬೆಳಕಿನ ನಟ್ಟನಡುವಿನ ಭಾಗ ಗೋಡೆಯ ಮೇಲೆ ದೀಪದ ಎತ್ತರದ ಅರ್ಧಕ್ಕೆ ಬೀಳಬೇಕು. ಹಾಗಿದ್ದರೆ ರಸ್ತೆಯಲ್ಲಿ ಅದು ಹತ್ತು ಮೀಟರ್ ಮುಂದೆ ನೆಲ ಮುಟ್ಟುತ್ತದೆ. ಸಾಧಾರಣ ವೇಗದ ಸೈಕಲ್ಲಿಗೆ ಹತ್ತು ಮೀಟರ್ ಎಂದರೆ ಸುಮಾರು ಮೂರು ಸೆಕೆಂಡು. ತಗ್ಗು ಕಂಡು ತಪ್ಪಿಸಲು, ಬ್ರೇಕ್ ಹಿಡಿಯಲು ಅಷ್ಟು ಸಾಕು.

ಮುಂದೆ ಬಿಳಿ, ಹಿಂದೆ ಕೆಂಪು. ಇದನ್ನು ಅದಲುಬದಲು ಮಾಡಬೇಡಿರಿ. ಹಿಂದೆ ಬಿಳಿ ದೀಪ ಕಂಡವನು ನೀವು ಎದುರಿಗೆ ಬರುತ್ತಿದ್ದೀರಿ ಎಂದುಕೊಳ್ಳುತ್ತಾನೆ. ಮಿಣಮಿಣ ಮಿನುಗುವ ದೀಪದ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ಕಟ್ಟಳೆ. ಬ್ರಿಟನ್ನಿನಲ್ಲಿ 2005ರಿಂದ ಅದಕ್ಕೆ ಒಪ್ಪಿಗೆ ಇದೆ, ಜರ್ಮನಿಯಲ್ಲಿ ಇಲ್ಲ. ನಮ್ಮ ಅಭಿಪ್ರಾಯ: ಮುಂದಿನದು ಮಿನುಗಲೇಬಾರದು. ಕತ್ತಲ ರಸ್ತೆಯಲ್ಲಿ ಹೊತ್ತಿ ಆರುವ ಬಿಳಿ ಬೆಳಕು ಎಷ್ಟು ದೂರದಲ್ಲಿದೆ ಎಂದು ಅಂದಾಜಿಗೆ ಸಿಗುವುದಿಲ್ಲ. ಹಿಂದಿನದೂ ಸ್ಥಿರವಾಗಿ ಉರಿಯುವುದೇ ಒಳ್ಳೆಯದು. ಚಾರ್ಜ್ ಕಡಿಮೆಯಾದಾಗ ಮಿನುಗಿದರೂ ಚಿಂತೆಯಿಲ್ಲ, ಇಲ್ಲದಿರುವುದಕ್ಕಿಂತ ಮೇಲು.

ಮೂರು ಫೇಸ್ ಕರೆಂಟ್ ರಾತ್ರಿ ಬರುವುದರಿಂದ ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ರೈತರಿಗೆ ಒಂದು ಮಾತು. ಹಾವು ಚೇಳಿನ ನಡುವೆ ನೀರು ಕಟ್ಟುವಾಗ ಆ ಬ್ಯಾಟರಿ ಬೇಕೇ ಬೇಕು. ಆದರೆ ಸೈಕಲ್ ಮೇಲೆ ಕುಳಿತಾಗ ನೀವು ಯಾರ ಕಡೆ ಮುಖ ತಿರುಗಿಸಿದರೂ ಬೆಳಕು ನೇರ ಅವರ ಕಣ್ಣಿಗೆ. ರಸ್ತೆಗೆ ಬಂದ ಕೂಡಲೇ ಅದನ್ನು ತಲೆಯಿಂದ ಬಿಚ್ಚಿ ಹ್ಯಾಂಡಲಿಗೆ ಕಟ್ಟಿ, ನೆಲಕ್ಕೆ ಬಾಗಿಸಿರಿ. ಗಾಣಗಾಪುರದ ದಾರಿಯಲ್ಲಿ ನಡೆದು ಬರುವ ಭಕ್ತರು ಎದುರಾದರೆ ಗಂಟೆ ಬಾರಿಸಿ, ಅಂಗೈಯಿಂದ ದೀಪ ಅರ್ಧ ಮರೆಮಾಡಿ, ನಿಧಾನವಾಗಿ ದಾಟಿರಿ. ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಸೈಕಲ್ ಹೊಡೆಯುವ ಹುಡುಗರೇ, ದಯವಿಟ್ಟು ಬೇಡ.

ಟ್ರ್ಯಾಕ್ಟರ್ ಚಾಲಕ ಬಂಧುಗಳೇ, ಸೈಕಲ್ಲಿನವರಿಗೆ ಬುದ್ಧಿ ಹೇಳಿ ನಿಮ್ಮನ್ನು ಬಿಟ್ಟರೆ ನ್ಯಾಯವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ಟ್ರೇಲರಿನ ವೈರು ಕಿತ್ತು ನೇತಾಡುತ್ತಿದ್ದರೆ, ದೀಪದ ಮೇಲೆ ಕಬ್ಬಿನ ತುದಿ ಇಳಿಬಿದ್ದಿದ್ದರೆ ಆ ನಿಯಮ ಯಾರನ್ನು ಕಾಪಾಡೀತು? ಟಾಯರ್ ಒಡೆದು ರಸ್ತೆಯಲ್ಲಿ ನಿಂತಾಗ ಸುತ್ತ ಕಲ್ಲಿಡುತ್ತೀರಿ. ಕತ್ತಲಲ್ಲಿ ಕಲ್ಲು ಕಾಣುವುದಿಲ್ಲ, ಹೊಳೆಯುವ ಪಟ್ಟಿ ಕಾಣುತ್ತದೆ. ಹೊರಡುವಾಗ ಆ ಕಲ್ಲುಗಳನ್ನು ಎತ್ತಿ ಪಕ್ಕಕ್ಕೆ ಹಾಕಿರಿ. ಸೈಕಲ್ ಎದುರಾದರೂ ಡಿಪ್ಪರ್ ಮಾಡಿರಿ. ಲಾರಿಯವನಿಗೆ ತೋರಿಸುವ ಮರ್ಯಾದೆ ಸೈಕಲ್ಲಿನವನಿಗೂ ಸಲ್ಲಬೇಕು.

ಹಂಗಾಮಿನ ಮೊದಲಲ್ಲಿ ಟ್ರೇಲರ್‌ಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವ ಕೆಲಸ ರಾಜ್ಯದ ಹಲವು ಕಡೆ ಪೊಲೀಸರೂ ಕಾರ್ಖಾನೆಗಳೂ ಕೂಡಿ ಮಾಡುತ್ತಾರೆ. ಅದೇ ಪಟ್ಟಿಯ ಗೇಣುದ್ದದ ತುಂಡು ಪಾಳಿಗೆ ಬರುವ ಪ್ರತಿ ಸೈಕಲ್ಲಿಗೂ ಸಿಗಲಿ ಎಂಬುದು ನಮ್ಮ ಬೇಡಿಕೆ. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಶಾಲೆ ಬಿಡದೆ ಓದಿದರು. ಇನ್ನು ಮುಂದೆ ಯಾವ ಮಗುವಿಗೆ ಸೈಕಲ್ ಕೊಟ್ಟರೂ ಮುಂದೆ ಹಿಂದೆ ದೀಪ ಕೂಡಿಸಿಯೇ ಕೊಡಬೇಕು. ಪಂಚರ್ ಅಂಗಡಿಯ ಅಣ್ಣಂದಿರು ಗಾಳಿ ತುಂಬಲು ಬಂದವರ ಹಿಂದಿನ ರಿಫ್ಲೆಕ್ಟರನ್ನು ಒಂದು ಅರಿವೆಯಿಂದ ಒರೆಸಿ, ದೀಪ ಇಲ್ಲದಿದ್ದರೆ ಕೇಳಲಿ. ಮನೆಯಲ್ಲಿ ಮೊಬೈಲ್ ಚಾರ್ಜಿಗೆ ಹಾಕುವ ಹೊತ್ತಿಗೇ ಸೈಕಲ್ಲಿನ ದೀಪವನ್ನೂ ಹಾಕಿರಿ.

ಈ ಕರಪತ್ರ ಓದಿದವರು ಓದಲು ಬಾರದವರಿಗೆ ಓದಿ ಹೇಳಿರಿ. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದ ಗ್ಯಾಂಗಿನವರಿಗೆ ಮರಾಠಿಯಲ್ಲಿ ತಿಳಿಸಿರಿ. ಅವರ ಎತ್ತಿನ ಬಂಡಿಗಳ ಹಿಂದೆಯೂ ಕೆಂಪು ಪಟ್ಟಿ ಬೇಕು.